ತುಮಕೂರು ಬಿಟ್ಟು ಸಮುದ್ರದ ಕಡೆ ಹೊರಟಿದ್ದೀವಿ: ಕುಂದಾಪುರಾನಾ, ಹೊನ್ನಾವರಾನಾ, ಕುಮಟಾನಾ?

ಕ್ಯಾತ್ಸಂದ್ರ_ಎಂ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು, ಕ್ಯಾತ್ಸಂದ್ರದ ಹತ್ತಿರ ಸ್ವಂತ ಮನೆ ಇದೆ. ನನಗೆ 55. ಬ್ಯಾಂಕ್ ಕೆಲಸಕ್ಕೆ ಸ್ವಯಂ ನಿವೃತ್ತಿ ಬರೆದುಕೊಟ್ಟಿದ್ದೇನೆ, ಮಾರ್ಚ್ ಕೊನೆಗೆ ಬಿಡುಗಡೆ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಇಲ್ಲಿ ನಾನು, ನನ್ನ ಹೆಂಡತಿ, 78 ವರ್ಷದ ನಮ್ಮಮ್ಮ. ಸಮುದ್ರದ ಹತ್ತಿರ ಯಾವುದಾದರೂ ಸಣ್ಣ ಊರಿಗೆ ಹೋಗಿ ಇದ್ದುಬಿಡೋಣ ಅಂತ ನಾವಿಬ್ಬರೂ ಮೊದಲಿಂದ ಮಾತಾಡಿಕೊಳ್ಳುತ್ತಲೇ ಇದ್ದೆವು, ಈಗ ಅದಕ್ಕೆ ಕಾಲ ಬಂದಿದೆ. ನೆಂಟರು ಮಾತ್ರ "ಮಠದ ಪಕ್ಕದ ಮನೆ ಬಿಟ್ಟು ಎಲ್ಲಿಗೋ ಹೋಗ್ತೀಯ" ಅಂತ ನಗುತ್ತಿದ್ದಾರೆ.

ಮಂಗಳೂರು, ಉಡುಪಿ ಬೇಡ, ಪೇಟೆ ಸಾಕಾಗಿದೆ. ಗೋಕರ್ಣ ಪ್ರವಾಸಿಗರಿಗೆ ಸರಿ. ಕೊನೆಗೆ ಉಳಿದಿರುವುದು ಕುಂದಾಪುರ, ಹೊನ್ನಾವರ, ಕುಮಟಾ. ಮೂರನ್ನೂ ನೋಡಿದ್ದೇವೆ, ಆದರೆ ಎಲ್ಲಾ ಡಿಸೆಂಬರ್, ಜನವರಿಯ ರಜೆಯಲ್ಲಿ. ಮಳೆಗಾಲದಲ್ಲಿ ಒಂದನ್ನೂ ನೋಡಿಲ್ಲ.

ಅಮ್ಮನಿಗೆ ಸ್ವಲ್ಪ ದಮ್ಮು ಇದೆ. ಇಲ್ಲಿಯ ಧೂಳಿಗೆ ಜಾಸ್ತಿ ಆಗುತ್ತೆ, ಸಮುದ್ರದ ಗಾಳಿಗೆ ಕಡಿಮೆ ಆಗುತ್ತೆ ಅಂತ ಯಾರೋ ಹೇಳಿದ್ದಾರೆ, ನಿಜವೋ ಸುಳ್ಳೋ. ಬಾಡಿಗೆ 12 ಸಾವಿರದವರೆಗೂ ಕೊಡಬಹುದು. ಈ ಮನೆ ಮಾರಿ ಅಲ್ಲೇ ಒಂದು 30x40 ಸೈಟು ತಗೊಂಡು ಕಟ್ಟೋಣ ಅನ್ನುವುದು ಹೆಂಡತಿಯ ಆಸೆ. ನನಗೆ ಅಷ್ಟು ಧೈರ್ಯ ಇಲ್ಲ. ಅಲ್ಲೇ ಇರುವವರು ಅಥವಾ ನಮ್ಮ ಕಡೆಯಿಂದ ಹೋಗಿ ನೆಲೆಸಿದವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಬೀಚ್ ಫೋಟೋ ಬೇಡ, ನಮ್ಮ ಫೋನಲ್ಲೇ ಬೇಕಾದಷ್ಟಿವೆ.

ಪಂಚಗಂಗಾವಳಿ:

ನಾನು ಕುಂದಾಪುರದವನೇ, ಹಾಗಾಗಿ ನಮ್ಮೂರ ಪರ ವಾಲುತ್ತೇನೆ ಅಂತ ಇಟ್ಟುಕೊಂಡೇ ಓದಿ.

ಮನೆಯಲ್ಲಿ 78ರ ಅಮ್ಮ ಇದ್ದಾರೆ ಅಂದ ಮೇಲೆ ಮೊದಲು ಆಸ್ಪತ್ರೆ ನೋಡಬೇಕು ಮಾರಾಯ್ರೆ, ಬೀಚ್ ಆಮೇಲೆ. ಕುಂದಾಪುರದಿಂದ ಮಣಿಪಾಲದ ಕಸ್ತೂರಬಾ ಆಸ್ಪತ್ರೆಗೆ ಸುಮಾರು 40 ಕಿ.ಮೀ. ನಡುವೆ ಘಾಟಿ ಇಲ್ಲ, ಪೂರ್ತಿ ಹೆದ್ದಾರಿ. ನಡುರಾತ್ರಿ ಹೊರಟರೂ ಒಂದು ಗಂಟೆಯೊಳಗೆ ತಲುಪಬಹುದು. ಹೊನ್ನಾವರದಿಂದ ಅದೇ ಮಣಿಪಾಲಕ್ಕೆ ನೂರು ಕಿ.ಮೀ. ದಾಟುತ್ತದೆ, ಕುಮಟಾದಿಂದ ಇನ್ನೂ ಜಾಸ್ತಿ. ಉತ್ತರ ಕನ್ನಡದವರು ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ವರ್ಷಗಟ್ಟಲೆ ಕೂಗಿದ್ದು ಸುಮ್ನೆ ಅಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ತರುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಹತ್ತಿರ ಮಗುಚಿ ಒಳಗಿದ್ದವರು ಸತ್ತರಲ್ಲ, ಆ ವಿಡಿಯೋ ನೀವೂ ನೋಡಿರುತ್ತೀರಿ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಆದರೂ ಸ್ವಲ್ಪ ದೊಡ್ಡ ಕಾಯಿಲೆ ಅಂದರೆ ಅಲ್ಲಿಯ ಜನ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಓಡುತ್ತಾರೆ.

ಈಗ ಮಳೆ. ತುಮಕೂರಿಗೆ ವರ್ಷಕ್ಕೆ 600–700 ಮಿ.ಮೀ. ಇರಬಹುದು. ಇಲ್ಲಿ 3500 ದಾಟುತ್ತದೆ. ಜುಲೈ ಒಂದೇ ತಿಂಗಳ ಮಳೆ ನಿಮ್ಮೂರಿನ ಇಡೀ ವರ್ಷದ್ದಕ್ಕಿಂತ ಜಾಸ್ತಿ. ಹಾಗಂತ ಊರು ನಿಲ್ಲುವುದಿಲ್ಲ. ಮಕ್ಕಳು ಶಾಲೆಗೆ ಹೋಗುತ್ತಾರೆ, ಮದುವೆ, ಬೊಜ್ಜ (ಸತ್ತವರ ಉತ್ತರಕ್ರಿಯೆ) ಎಲ್ಲಾ ನಡೆಯುತ್ತದೆ. ಆದರೆ ನೀವು ಬಯಲುಸೀಮೆಯವರು, ಐದು ದಿನ ಸೂರ್ಯ ಕಾಣದಿದ್ದರೆ ತಲೆ ಕೆಡುತ್ತದೆ. ನಮ್ಮ ಮನೆಗೆ ಬಂದ ಕೋಲಾರದ ನೆಂಟರೊಬ್ಬರು ಜುಲೈನಲ್ಲಿ ಕಿಟಕಿ ಪಕ್ಕ ಕೂತು "ಇದು ಯಾವಾಗ ನಿಲ್ಲುತ್ತೆ" ಅಂತ ಕೇಳಿದ್ದರು. ಸೆಪ್ಟೆಂಬರ್‌ಗೆ ಅಂದೆ.

ಇನ್ನೊಂದು, ನಿಮ್ಮ ಮನೆಯವರಿಗೆ ಶಕ್ತಿ ಯೋಜನೆಯ ಫ್ರೀ ಬಸ್ ರೂಢಿ ಆಗಿದ್ದರೆ, ನಮ್ಮಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಬಸ್ಸಿಗೆ ಕಾಯಬೇಕಾಗಿಲ್ಲ, ಒಂದರ ಹಿಂದೆ ಒಂದು ಬರುತ್ತವೆ, ಆದರೆ ಟಿಕೆಟ್ ತೆಗೆಯಲೇಬೇಕು.

ತಿಪಟೂರು_ಟು_ಹೊನ್ನಾವರ:

ಸರ್, ನಾನು ತಿಪಟೂರಿನವನು, ಮೇಷ್ಟ್ರು. ವರ್ಗ ಆಗಿ ಹೊನ್ನಾವರ ತಾಲ್ಲೂಕಿಗೆ ಬಂದವನು ಇಲ್ಲೇ ಉಳಿದುಕೊಂಡೆ. ನಿಮ್ಮೂರಿನ ಬಿ.ಎಚ್. ರೋಡ್ ಹಿಡಿದು ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರ ದಾಟಿ ಬಿಡದೆ ಬಂದರೆ ನಮ್ಮೂರಿಗೇ ಬಂದು ನಿಲ್ಲುತ್ತೀರಿ, ಬೆಂಗಳೂರು–ಹೊನ್ನಾವರ ರಸ್ತೆ ಅಲ್ವಾ ಅದು. ಸಾಗರ ದಾಟಿದ ಮೇಲೆ ಗೇರುಸೊಪ್ಪೆ ಕಡೆ ಇಳಿಯುವ ಘಾಟಿ ಇದೆ, ತಿರುವಿನ ಮೇಲೆ ತಿರುವು, ಅಮ್ಮನಿಗೆ ವಾಂತಿ ಮಾತ್ರೆ ಇಟ್ಟುಕೊಳ್ಳಿ.

ಮೇಲಿನವರು ಆಸ್ಪತ್ರೆ ಬಗ್ಗೆ ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ. ಅದೊಂದನ್ನು ಬಿಟ್ಟರೆ ಹೊನ್ನಾವರ ಇರುವುದಕ್ಕೆ ಚೆಂದದ ಊರು. ಶರಾವತಿ ಸಮುದ್ರ ಸೇರುವ ಜಾಗ, ಆಚೆ ದಡದಲ್ಲಿ ಕಾಸರಕೋಡು, 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದ ಬೀಚ್ ಅದೇ. ಪೇಟೆ ಸಣ್ಣದು, ಸಂಜೆ ಒಂದು ಸುತ್ತು ಹಾಕಿದರೆ ನಾಲ್ಕು ಜನ ಮಾತಾಡಿಸುತ್ತಾರೆ. ಕನ್ನಡಕ್ಕೆ ತೊಂದರೆಯೇ ಇಲ್ಲ. ಕೊಂಕಣಿ ಕಿವಿಗೆ ಬೀಳುತ್ತದೆ, ಹವ್ಯಕರ ಕನ್ನಡ ಮೊದಮೊದಲು ಅರ್ಧ ಅರ್ಥವಾಗುತ್ತದೆ, ಆಮೇಲೆ ಸರಿಹೋಗುತ್ತದೆ.

ಆದರೆ ಮನೆ ಎಲ್ಲಿ ಹಿಡಿಯುತ್ತೀರಿ ಅನ್ನುವುದು ಮುಖ್ಯ. ಡಿಸೆಂಬರ್‌ನಲ್ಲಿ ನದಿ ದಂಡೆಯ ಮನೆ ತೋರಿಸಿದರೆ ಯಾರಿಗಾದರೂ ಆಸೆ ಆಗುತ್ತದೆ. ತೆಂಗಿನ ತೋಟ, ಮುಂದೆ ನೀರು, ಮನೆ ಬಾಗಿಲಿಗೆ ದೋಣಿ. ಮೇಲೆ ಶರಾವತಿಗೇ ಕಟ್ಟಿರುವ ಲಿಂಗನಮಕ್ಕಿ ಅಣೆಕಟ್ಟು ತುಂಬುವ ಮಟ್ಟಕ್ಕೆ, ಅಂದರೆ 1819 ಅಡಿಗೆ, ಹತ್ತಿರ ಬಂದಾಗ ನದಿಪಾತ್ರದವರು ಎಚ್ಚರವಾಗಿರಿ ಅಂತ ನೋಟಿಸ್ ಬರುತ್ತದೆ. ಅದೇ ಹೊತ್ತಿಗೆ ಇಲ್ಲೂ ಮಳೆ ಹೊಡೆಯುತ್ತಿದ್ದರೆ, ಸಮುದ್ರ ಭರತದಲ್ಲಿದ್ದರೆ, ಆ ನೀರು ಹೋಗುವುದಾದರೂ ಎಲ್ಲಿಗೆ? ತೋಟಕ್ಕೆ ನುಗ್ಗುತ್ತದೆ, ಆಮೇಲೆ ಜಗಲಿಗೆ. ಹಳಬರ ಮನೆಗಳು ಎತ್ತರದ ದಿಬ್ಬದ ಮೇಲೆ ಯಾಕಿವೆ ಅಂತ ಒಂದು ಮಳೆಗಾಲದಲ್ಲಿ ಗೊತ್ತಾಗುತ್ತದೆ. ಹಾಗಂತ ಗುಡ್ಡ ಕಡಿದು ಮಾಡಿದ ಸೈಟಿಗೂ ಹೋಗಬೇಡಿ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ (ಬೈಂದೂರಿನದ್ದಲ್ಲ, ಅಂಕೋಲಾದ್ದು) ಹೆದ್ದಾರಿ ಮೇಲೆಯೇ ಗುಡ್ಡ ಬಂತು. ನಾನಂತೂ ಆಮೇಲೆ ಮನೆ ಹಿಂದೆ ಕೆಂಪು ಮಣ್ಣಿನ ಗೋಡೆ ನಿಂತಿರುವ ಯಾವ ಮನೆಯನ್ನೂ ಬಾಡಿಗೆಗೆ ನೋಡಲಿಲ್ಲ.

ಗೋಲ್ಡ್‌ಫೀಲ್ಡ್ಸ್_ಹುಡುಗ:

ನೀವೆಲ್ಲ ಪಶ್ಚಿಮಕ್ಕೇ ಯಾಕೆ ಮುಖ ಮಾಡಿದ್ದೀರೋ. ನಮ್ಮ ಕೆಜಿಎಫ್‌ನಿಂದ ಚೆನ್ನೈ ಕಡೆಯ ಸಮುದ್ರವೇ ಹತ್ತಿರ. ಘಾಟಿಗಳ ಕಾಟ ಇಲ್ಲ, ಜುಲೈನಲ್ಲಿ ಇಂಥ ಮಳೆಯೂ ಇಲ್ಲ. ಮಹಾಬಲಿಪುರಂ, ಪುದುಚೇರಿ ಕಡೆ ನೋಡಿ.

ಕ್ಯಾತ್ಸಂದ್ರ_ಎಂ:

ಅಲ್ಲಿ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಜೊತೆಗೆ ಚಂಡಮಾರುತ ಫ್ರೀ. ಅದೂ ಅಲ್ಲದೆ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ ಅಣ್ಣ. ಪಕ್ಕದ ಮನೆಯವರ ಜೊತೆ ಮಾತಾಡದೆ ಅವರು ಒಂದು ದಿನ ಇರಲ್ಲ.

ಗೌರಿಬಿದನೂರಿನ_ಮಗಳು:

ನಾನು ಗೌರಿಬಿದನೂರಿನಿಂದ ಕುಮಟಾಕ್ಕೆ ಸೊಸೆಯಾಗಿ ಬಂದವಳು. ದಮ್ಮಿನ ವಿಷಯ ಓದಿ ಬರೆಯುತ್ತಿದ್ದೇನೆ, ನಮ್ಮ ಅತ್ತೆಗೂ ಅದೇ ಇದೆ.

ಸಮುದ್ರದ ಗಾಳಿಗೆ ದಮ್ಮು ಹೋಗುತ್ತೆ ಅನ್ನುವುದನ್ನು ನಂಬಿ ಮನೆ ಬದಲಾಯಿಸಬೇಡಿ ಸರ್. ಇಲ್ಲಿ ಧೂಳು ಕಡಿಮೆ, ಅದು ನಿಜ. ಆದರೆ ಜೂನ್‌ನಿಂದ ಗೋಡೆ ಬೆವರುವುದಕ್ಕೆ ಶುರು ಮಾಡುತ್ತದೆ. ಮೊದಲು ಬೀರುವಿನ ಹಿಂದಿನ ಮೂಲೆಯಲ್ಲಿ ಕಪ್ಪು ಚುಕ್ಕಿ ಬರುತ್ತದೆ, ಆಮೇಲೆ ಚಪ್ಪಲಿ, ಬೆಲ್ಟು, ಪರ್ಸು ಎಲ್ಲದರ ಮೇಲೂ ಬೂದಿ ಬಣ್ಣದ ಬೂಷ್ಟು. ರೇಷ್ಮೆ ಸೀರೆ ಒಳಗಿಟ್ಟು ಮರೆತರೆ ಮುಗಿಯಿತು. ಒಗೆದ ಬಟ್ಟೆ ಮೂರು ದಿನ ಆದರೂ ಒಣಗಲ್ಲ, ಒಣಗಿದರೂ ಒಂಥರಾ ವಾಸನೆ. ನಾವು ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಅದರ ಹೊಗೆ ಅತ್ತೆಗೆ ಆಗಲ್ಲ ಅಂತ ಅವರ ಕೋಣೆ ಬಾಗಿಲು ಮುಚ್ಚಿಡಬೇಕು. ಅವರಿಗೆ ಉಸಿರಾಟದ ತೊಂದರೆ ಜಾಸ್ತಿ ಆಗುವುದೇ ಈ ಬೂಷ್ಟಿಗೆ. ಹಾಸಿಗೆ ತೇವ ಹಿಡಿದರೆ ಕಣ್ಣಿಗೆ ಕಾಣದ ಹುಳಗಳೂ ಹೆಚ್ಚಾಗುತ್ತವೆ ಅಂತ ನಮ್ಮ ಡಾಕ್ಟರು ಹೇಳಿದ್ದರು. ಹಾಗಂತ ಎಲ್ಲರಿಗೂ ಹೀಗೇ ಆಗಬೇಕು ಅಂತೇನಿಲ್ಲ. ನಿಮ್ಮಮ್ಮನಿಗೆ ಧೂಳಿಗೆ ಆಗುತ್ತಾ, ತಂಪಿಗೆ ಆಗುತ್ತಾ ಅಂತ ಅವರನ್ನು ನೋಡುವ ಡಾಕ್ಟರನ್ನೇ ಕೇಳಿ.

ಮತ್ತೆ ಏಪ್ರಿಲ್, ಮೇ. ನಮ್ಮ ಕಡೆ ಎಷ್ಟೇ ಬಿಸಿಲಿದ್ದರೂ ರಾತ್ರಿ ಹತ್ತಕ್ಕೆ ತಂಪಾಗುತ್ತಲ್ವಾ, ಇಲ್ಲಿ ಆಗಲ್ಲ. 34 ಡಿಗ್ರಿ ಅಂತ ಪೇಪರಲ್ಲಿ ಬಂದಿರುತ್ತೆ, ಸ್ನಾನ ಮಾಡಿ ಹೊರಗೆ ಬರುವಷ್ಟರಲ್ಲಿ ಮತ್ತೆ ಒದ್ದೆ. ಅದೇ ಹೊತ್ತಿಗೆ ಕರೆಂಟೂ ಕೈ ಕೊಡುತ್ತದೆ. ಇನ್ವರ್ಟರ್ ಇಲ್ಲದ ಮನೆಗೆ ಹೋಗಲೇಬೇಡಿ.

ಇಷ್ಟೆಲ್ಲಾ ಬೈದರೂ ನಾನು ಗೌರಿಬಿದನೂರಿಗೆ ವಾಪಸ್ ಬರಲ್ಲ. ಅಲ್ಲಿ ಸಾವಿರ ಅಡಿ ಬೋರ್ ಕೊರೆಸಿ ಫ್ಲೋರೈಡ್ ನೀರು ಕುಡಿಯುತ್ತಿದ್ದೆವು. ಇಲ್ಲಿ ಹಿತ್ತಿಲ ಬಾವಿಗೆ ಕೊಡ ಬಿಟ್ಟರೆ ಸಾಕು. ಮಳೆ ಜೋರಾದರೆ ನೀರು ಬಗ್ಗಿದರೆ ಸಿಗುವಷ್ಟು ಮೇಲೆ ಬರುತ್ತದೆ. ಅವ್ವ ಮೊದಲ ಸಲ ಬಂದಾಗ ಆ ಬಾವಿಯ ಪಕ್ಕದಿಂದ ಏಳಲೇ ಇಲ್ಲ.

ಕ್ಯಾತ್ಸಂದ್ರ_ಎಂ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಉತ್ತರಗಳನ್ನು ಹೆಂಡತಿಗೆ ಓದಿ ಹೇಳಿದೆ. ನದಿ ದಂಡೆ ಮನೆಯ ಮಾತು ಕೇಳಿ ಅವಳ ಮುಖ ಸ್ವಲ್ಪ ಇಳಿಯಿತು, ಬಾವಿ ಮಾತಿಗೆ ಮತ್ತೆ ಅರಳಿತು. ನಮಗೆ ಇಲ್ಲಿ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದರೆ ಉಂಟು, ಇಲ್ಲದಿದ್ದರೆ ಟ್ಯಾಂಕರ್.

ಈಗ ಹೀಗೆ ಅಂದುಕೊಂಡಿದ್ದೇವೆ. ಮನೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ, ಬೀಗ ಹಾಕಿ ಪಕ್ಕದವರ ಕೈಗೆ ಕೀಲಿ ಕೊಡುವುದು. ಮೇ ಕೊನೆಗೆ ಕುಂದಾಪುರದಲ್ಲಿ ಬಾಡಿಗೆ ಮನೆ ಮಾಡಿ ದೀಪಾವಳಿವರೆಗೆ ಇರುವುದು. ಅಮ್ಮನ ಡಾಕ್ಟರ್ ಹೂಂ ಅಂದರೆ ಅವರೂ ಜೊತೆಗೆ, ಬೇಡ ಅಂದರೆ ಆ ಐದು ತಿಂಗಳು ತಂಗಿ ಮನೆಯಲ್ಲಿ. ಮಳೆಗಾಲ ಕಳೆದ ಮೇಲೂ ಹೆಂಡತಿಗೆ ಅದೇ ಆಸೆ ಇದ್ದರೆ ಸೈಟಿನ ಮಾತು. ರೈಲು ಹೇಗೆ? ಮಗಳು ಶನಿವಾರ, ಭಾನುವಾರ ಬಂದು ಹೋಗಬೇಕು.

ಪಂಚಗಂಗಾವಳಿ:

ಇದು ಸರಿಯಾದ ಲೆಕ್ಕ. ರೈಲಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಬೆಂಗಳೂರಿನಿಂದ ಕುಣಿಗಲ್, ಹಾಸನ, ಸಕಲೇಶಪುರ ದಾರಿಯಲ್ಲಿ ರಾತ್ರಿ ಪ್ರಯಾಣ. ಬೆಳಗ್ಗೆ ಕುಂದಾಪುರದಲ್ಲಿ ಇಳಿದು ಆಟೋ ಹಿಡಿಯಬೇಕು, ಸ್ಟೇಷನ್ ಪೇಟೆಯಿಂದ ಸ್ವಲ್ಪ ಹೊರಗಿದೆ. ಟಿಕೆಟ್ ಮೊದಲೇ ಮಾಡಿಸಿ, ಹಬ್ಬದ ದಿನಗಳಲ್ಲಿ ಸಿಗುವುದೇ ಇಲ್ಲ. ಮಳೆಗಾಲದಲ್ಲಿ ಮಾತ್ರ ನೂರಕ್ಕೆ ನೂರು ನೆಚ್ಚಿಕೊಳ್ಳಬೇಡಿ. 2024ರ ಜುಲೈ ಕೊನೆಯಲ್ಲಿ ಯಡಕುಮರಿ ಹತ್ತಿರ ಗುಡ್ಡ ಕುಸಿದು ಆ ದಾರಿಯ ರೈಲುಗಳೆಲ್ಲ ದಿನಗಟ್ಟಲೆ ನಿಂತಿದ್ದವು.

ಸೈಟಿನ ಮಾತು ಬಂದಾಗ ಒಂದು ಗೊತ್ತಿರಲಿ. ನಮ್ಮಲ್ಲಿ 30x40 ಅಂತ ಯಾರೂ ಮಾತಾಡುವುದಿಲ್ಲ, ಜಾಗ ಎಲ್ಲಾ ಸೆಂಟ್ಸ್ ಲೆಕ್ಕ. ಒಂದು ಸೆಂಟ್ ಅಂದರೆ 435.6 ಚದರ ಅಡಿ, ಎಕರೆಗೆ ನೂರು. ನಿಮ್ಮ 30x40 ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಸೆಂಟ್ಸ್, ಬಾವಿ, ನಾಲ್ಕು ತೆಂಗಿನಮರ ಬೇಕು ಅಂದರೆ ಅದು ಸಾಲದು. ಹೊನ್ನಾವರ, ಕುಮಟಾ ಕಡೆ ಮತ್ತೆ ಗುಂಟೆ. ನಾವು ಮದ್ರಾಸ್ ಪ್ರಾಂತ್ಯದಲ್ಲಿದ್ದೆವು, ಅವರು ಮುಂಬೈ ಪ್ರಾಂತ್ಯದಲ್ಲಿದ್ದರು, ಅದರ ಉಳಿಕೆ ಇದು. ಸಮುದ್ರಕ್ಕೆ ಹತ್ತಿರದ ಜಾಗ ಅಗ್ಗಕ್ಕೆ ಬಂತು ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಮೊದಲು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆ ಕೇಳಿ. ಭರತದ ಗೆರೆಯಿಂದ 500 ಮೀಟರ್ ಒಳಗೆ ಕಟ್ಟುವುದಕ್ಕೆ ನಿಯಮ ಬೇರೆಯೇ ಇದೆ. ಅಷ್ಟು ಹತ್ತಿರ ಬೇಕಾಗಿಯೂ ಇಲ್ಲ. ಉಪ್ಪುಗಾಳಿಗೆ ಕಿಟಕಿ ಸರಳು, ಫ್ರಿಜ್ಜು, ಸ್ಕೂಟರ್ ಎಲ್ಲಾ ತುಕ್ಕು ಹಿಡಿಯುತ್ತವೆ. ಎರಡು ಕಿ.ಮೀ. ಒಳಗಿದ್ದು ಸಂಜೆ ಕೋಡಿ ಬೀಚಿಗೆ ಹೋಗಿ ಬನ್ನಿ.

ಮನೆ ನೋಡುವುದಕ್ಕೆ ಮೇ ಕೊನೆಯ ವಾರವೇ ಬನ್ನಿ. ಬಾವಿ ನೀರು ಬಾಯಿಗೆ ಹಾಕಿ ನೋಡಿ, ಹೊಳೆ ಹತ್ತಿರದ ಬಾವಿಗಳು ಬೇಸಿಗೆ ಕೊನೆಗೆ ಉಪ್ಪಾಗುತ್ತವೆ. ಆಗ ಸಿಹಿ ಇದ್ದರೆ ವರ್ಷವಿಡೀ ಸಿಹಿ.

ಕ್ಯಾತ್ಸಂದ್ರ_ಎಂ:

ಬರೆದಿಟ್ಟುಕೊಂಡೆ. ಕೊನೆಯ ಪ್ರಶ್ನೆ, ಇದು ಅಮ್ಮನದ್ದು: ಅಲ್ಲಿ ಮಿಲ್ಲಿನಲ್ಲಿ ರಾಗಿ ಬೀಸಿಕೊಡುತ್ತಾರಾ? ಮುದ್ದೆ ಇಲ್ಲದಿದ್ದರೆ ಬರಲ್ಲ ಅಂತ ಕೂತಿದ್ದಾರೆ.

ತಿಪಟೂರು_ಟು_ಹೊನ್ನಾವರ:

ಬೀಸಿಕೊಡುತ್ತಾರೆ ಸರ್, ಆದರೆ ಮೆಣಸಿನಪುಡಿ ಮಾಡಿದ ಮಿಷನ್ನಿಗೇ ಹಾಕಿಬಿಟ್ಟರೆ ಮುದ್ದೆ ಖಾರ ಆಗುತ್ತದೆ, ನಿಂತು ನೋಡಿಕೊಳ್ಳಿ. ಹಿಟ್ಟು ಊರಿಂದ ಮೂಟೆಗಟ್ಟಲೆ ತರಬೇಡಿ, ಮಳೆಗಾಲದಲ್ಲಿ ಹುಳ ಬೀಳುತ್ತದೆ. ರಾಗಿ ಕಾಳು ತಂದು ಡಬ್ಬಕ್ಕೆ ಹಾಕಿ ಗಟ್ಟಿಯಾಗಿ ಮುಚ್ಚಿಡಿ, ಹದಿನೈದು ದಿನಕ್ಕೆ ಬೇಕಾದಷ್ಟೇ ಬೀಸಿಸಿ. ಹಿತಕಿದ ಬೇಳೆ ಮಾತ್ರ ಇಲ್ಲಿ ಕೇಳಬೇಡಿ, ಅವರೆಕಾಯಿ ಕಾಲಕ್ಕೆ ಮಗಳ ಕೈಲಿ ತರಿಸಿಕೊಳ್ಳಿ. ತರಿಸಿದರೆ ನನಗೂ ಒಂದು ಮಾತು ಹೇಳಿ, ಕುಂದಾಪುರ ಏನು ದೂರ ಅಲ್ಲ.