ಊರಲ್ಲಿ ಸರಿಯಿದ್ದ ಕ್ಯಾಂಪರ್ ವ್ಯಾನ್ ಫ್ರಿಜ್, ಜೈಸಲ್ಮೇರ್‌ನಲ್ಲಿ ಬೆಳಗಿನ ಜಾವ ಆಫ್

ಸೋಮವಾರಪೇಟೆ ಸವಾರ:
ಕಾವೇರಿ ಸಂಕ್ರಮಣ ಮುಗಿಸಿ ಹೊರಟವರು ಜೈಸಲ್ಮೇರ್ ತಲುಪಿದ್ದೇವೆ. ಕಾಫಿ ಕುಯ್ಲಿನ ಹೊತ್ತಿಗೆ ವಾಪಸ್ಸಾಗಬೇಕು. ಗಾಡಿ ಬಿಎಸ್-6 (ಹೊಸ ಹೊಗೆ ನಿಯಮದ) ಟೆಂಪೋ ಟ್ರಾವೆಲರ್. ಹಿಂದೆ ಫ್ರಿಜ್ಜಿಗೆ 100 ಆಂಪ್-ಅವರ್ ಲಿಥಿಯಂ (ಎಲ್‌ಎಫ್‌ಪಿ) ಬ್ಯಾಟರಿ, ಮೇಲೆ 200 ವಾಟ್ ಸೋಲಾರ್, ಓಡುವಾಗ ಆಲ್ಟರ್ನೇಟರ್‌ನಿಂದ ರಿಲೇ (ಎರಡೂ ಬ್ಯಾಟರಿ ಜೋಡಿಸುವ ಸ್ವಿಚ್) ಮೂಲಕ ಚಾರ್ಜ್. ತೋಟದಲ್ಲಿ ನಿಲ್ಲಿಸಿ ನೋಡಿದಾಗ ಫ್ರಿಜ್ ರಾತ್ರಿಯಿಡೀ ಓಡುತ್ತಿತ್ತು. ಜೋಧ್‌ಪುರ ದಾಟಿದ ಮೇಲೆ ಬೆಳಗಿನ ಜಾವಕ್ಕೆ ಕಟ್. ಅತ್ತೆ ಕಟ್ಟಿಕೊಟ್ಟ ಪಂದಿ ಕರಿ ಹೋದರೆ ಹೋಗಲಿ, ಅಪ್ಪನ ಇನ್ಸುಲಿನ್ ಅದರಲ್ಲೇ ಇದೆ. ಮುಂದೆ ಗಡಿಯ ತನೋಟ್ ಕಡೆ ಹೋಗಬೇಕು.

ಗೋಣಿಕೊಪ್ಪ ಜೀಪು:
ಬ್ಯಾಟರಿ ಹೋಯ್ತು ಗುರು. ಬದಲಾಯಿಸಿ.

ಕುಶಾಲನಗರ ವೈರಿಂಗ್:
ಈಗಲೇ ಬ್ಯಾಟರಿಗೆ ದುಡ್ಡು ಸುರಿಯಬೇಡಿ ಅಣ್ಣ. ಮೊದಲು ಇನ್ಸುಲಿನ್: ಒಳ್ಳೆ ಫ್ಲಾಸ್ಕಿಗೆ ಐಸ್ ಹಾಕಿ, ಔಷಧಿಯನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಐಸಿಗೆ ನೇರ ತಾಗಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕಾಗುತ್ತೆ.

ಆಮೇಲೆ ಮಲ್ಟಿಮೀಟರ್ ತಗೊಳ್ಳಿ. ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಎಷ್ಟು ವೋಲ್ಟ್, ಅರ್ಧ ಗಂಟೆ ಓಡಿಸಿದ ಮೇಲೆ ಎಷ್ಟು? ನಡುಮಧ್ಯಾಹ್ನ ಸೋಲಾರ್ ಎಷ್ಟು ಆಂಪ್ ಕೊಡ್ತಿದೆ?

ಸೋಮವಾರಪೇಟೆ ಸವಾರ:
ಸ್ಟಾರ್ಟ್ ಆದಾಗ 14.2. ಅರ್ಧ ಗಂಟೆ ಆದ ಮೇಲೆ 12.9, ರಿಲೇ ಟಕ್ ಟಕ್ ಅಂತ ಬಿಟ್ಟು ಹಿಡಿಯುತ್ತೆ. ಸೋಲಾರ್ 7 ಆಂಪ್. ಹಗಲಲ್ಲಿ ಕಂಪ್ರೆಸರ್ ನಿಲ್ಲೋದೇ ಅಪರೂಪ.

ಕುಶಾಲನಗರ ವೈರಿಂಗ್:
ಸಿಕ್ತು. ಬ್ಯಾಟರಿ ಗಟ್ಟಿಯಾಗೇ ಇದೆ, ಅದಕ್ಕೆ ಊಟ ಸಿಗ್ತಿಲ್ಲ ಅಷ್ಟೆ.

ಈಗಿನ ಎಷ್ಟೋ ಬಿಎಸ್-6 ಗಾಡಿಗಳಲ್ಲಿ ಆಲ್ಟರ್ನೇಟರ್ ಡೀಸೆಲ್ ಉಳಿಸೋಕೆ, ಎಂಜಿನ್ ಕಡೆಯ ಮುಂದಿನ ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜ್ ಇಳಿಸಿಬಿಡುತ್ತೆ. ಎಲ್‌ಎಫ್‌ಪಿ ಬ್ಯಾಟರಿ ಅರ್ಧ ತುಂಬಿದ್ದಾಗಲೇ 13 ವೋಲ್ಟ್ ಮೇಲಿರುತ್ತೆ, ಪೂರ್ತಿ ತುಂಬೋಕೆ 14.2 ರಿಂದ 14.6 ಬೇಕು. 12.9 ರಲ್ಲಿ ಏನು ಹರಿಯುತ್ತೆ? ದಿನವಿಡೀ ಓಡಿಸಿದರೂ ಅಷ್ಟೇ. ನಿಮ್ಮ ವರ್ಕ್‌ಶಾಪಿನವರು ಹಳೇ ಗಾಡಿಯ ಲೆಕ್ಕದಲ್ಲಿ ರಿಲೇ ಕೂರಿಸಿದ್ದಾರೆ.

ಊರಲ್ಲಿ ಇದು ಗೊತ್ತಾಗದೇ ಇದ್ದದ್ದು ನಮ್ಮ ಚಳಿಯಿಂದ. ಫ್ರಿಜ್ ಓಡುವಾಗ ಸುಮಾರು 4.5 ಆಂಪ್ ಎಳೆಯುತ್ತೆ ಅಂದ್ಕೊಳ್ಳಿ. ತೋಟದ ತಂಪಲ್ಲಿ ದಿನದ ಮೂರರಲ್ಲೊಂದು ಪಾಲು ಓಡಿದರೆ 36 ಆಂಪ್-ಅವರ್, ಅಷ್ಟೇ. ಅಲ್ಲಿ ಮುಚ್ಚಿದ ಗಾಡಿಯೊಳಗೆ ಮುಕ್ಕಾಲು ಪಾಲು ಓಡಿದರೆ 81. ಇನ್ನು ಫ್ಯಾನು, ಲೈಟು, ಮೊಬೈಲು ಬೇರೆ. ಸೋಲಾರ್ ದಿನಕ್ಕೆ 50 ಚಿಲ್ಲರೆ ಕೊಟ್ಟರೆ ಹೆಚ್ಚು: 25 ಡಿಗ್ರಿ ಮೀರಿ ಪ್ಯಾನೆಲ್ ಬಿಸಿಯಾದಂತೆ ಪ್ರತಿ ಡಿಗ್ರಿಗೆ 0.4 ಶೇಕಡಾದಷ್ಟು ಕಮ್ಮಿ, ಮೇಲೆ ಧೂಳು. ಧೂಳನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಮರಳು ಗಾಜನ್ನು ಗೀರುತ್ತೆ. ಬೆಳಿಗ್ಗೆ ಮೆತ್ತನೆ ಬ್ರಶ್ಶಲ್ಲಿ ಕೊಡವಿ ಒಂದು ಚೊಂಬು ನೀರು ಬಿಡಿ.

ಇವತ್ತಿಗೆ ಲಾಡ್ಜಿನಲ್ಲಿ ಲಿಥಿಯಂ ಚಾರ್ಜರ್ ಹಾಕಿ ತುಂಬಿಸಿಕೊಳ್ಳಿ. ಫ್ರಿಜ್ ಹಿಂದೆ ಗಾಳಿಯಾಡಲಿ, ಗಾಡಿಯ ಆ ಮಗ್ಗುಲು ನೆರಳಿಗಿರಲಿ. ಕೆಲವು ಗಾಡಿಗಳಲ್ಲಿ ಹೆಡ್‌ಲೈಟ್ ಹಾಕಿಕೊಂಡೇ ಓಡಿಸಿದರೆ ವೋಲ್ಟೇಜ್ ಇಳಿಯಲ್ಲ, ಪ್ರಯತ್ನಿಸಿ. ಖಾಯಂ ಪರಿಹಾರ ಅಂದ್ರೆ ರಿಲೇ ತೆಗೆದು 20 ಆಂಪ್ ಡಿಸಿ-ಡಿಸಿ ಚಾರ್ಜರ್ (ಬಂದ ವೋಲ್ಟೇಜ್ ಏರಿಸಿ ಹಿಂದಿನ ಬ್ಯಾಟರಿಗೆ ಬೇಕಾದಷ್ಟು ಕೊಡುವ ಡಬ್ಬಿ). ಮೂರು ಗಂಟೆ ಓಡಿಸಿದರೆ 60 ಆಂಪ್-ಅವರ್ ಬರುತ್ತೆ.

ಗೋಣಿಕೊಪ್ಪ ಜೀಪು:
ಅಷ್ಟಕ್ಕೆಲ್ಲ ಯಾಕೆ, ದಪ್ಪ ವೈರ್ ಎಳೆದ್ರೆ ಸಾಲದಾ?

ಕುಶಾಲನಗರ ವೈರಿಂಗ್:
ಆಲ್ಟರ್ನೇಟರೇ ಕೊಡದ ವೋಲ್ಟೇಜನ್ನ ವೈರ್ ಎಲ್ಲಿಂದ ತರುತ್ತೆ ಮಾರಾಯ? ಡಿಸಿ-ಡಿಸಿ ಹಾಕುವಾಗ ಮಾತ್ರ ದಪ್ಪ ಬೇಕೇ ಬೇಕು. ವೈರ್ ಹೋಗಿ ಬರೋಕೆ 12 ಮೀಟರ್, ಚಾರ್ಜರ್ ಎಳೆಯೋದು 25 ಆಂಪ್: 6 ಚದರ ಎಂಎಂ ತಾಮ್ರದಲ್ಲಿ ಸುಮಾರು 0.9 ವೋಲ್ಟ್ ದಾರಿಯಲ್ಲೇ ಹೋಗುತ್ತೆ, 16 ಚದರ ಎಂಎಂನಲ್ಲಿ 0.3. ಎರಡೂ ಬ್ಯಾಟರಿಗಳ ಹತ್ತಿರ ಒಂದೊಂದು ಫ್ಯೂಸ್.

ಸೋಮವಾರಪೇಟೆ ಸವಾರ:
ಜೋಧ್‌ಪುರದಿಂದ ಬಸ್ಸಲ್ಲಿ ಚಾರ್ಜರ್ ತರಿಸಿ ಇಲ್ಲೊಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿದೆ. ಈಗ ಮುಂದಿನ ಬ್ಯಾಟರಿ 12.8 ತೋರಿಸುವಾಗಲೂ ಹಿಂದಿನದು 14.2. ಬೆಳಿಗ್ಗೆ ಎದ್ದಾಗ 13.1, ಫ್ರಿಜ್ ಓಡ್ತಾ ಇತ್ತು. ನಾಳೆ ತನೋಟ್.

ಕುಶಾಲನಗರ ವೈರಿಂಗ್:
ಹೊರಡುವ ಮುಂಚೆ ಇನ್ನೊಂದು ನೋಡಿ. ಚಾರ್ಜರ್ ವೋಲ್ಟೇಜ್ ನೋಡಿ ಆನ್ ಆಗುವ ಸೆಟ್ಟಿಂಗಲ್ಲಿದ್ದರೆ ಈ ಗಾಡಿಯಲ್ಲಿ ಆಗಾಗ ನಿಂತುಹೋಗುತ್ತೆ. ಇಗ್ನಿಷನ್ ವೈರ್ ಕೊಡಿಸಿ, ಕೀ ತೆಗೆದಾಗ ಆಫ್ ಆಗೋದನ್ನು ಕಣ್ಣಾರೆ ನೋಡಿ. ಇಲ್ಲದಿದ್ದರೆ ರಾತ್ರಿ ಮುಂದಿನ ಬ್ಯಾಟರಿ ಖಾಲಿಯಾಗಿ, ಅಲ್ಲಿ ತಳ್ಳೋಕೆ ಜನ ಸಿಗಲ್ಲ. ಡೀಸೆಲ್ ದಾರಿಯ ರಾಮಗಢದಲ್ಲೇ ಫುಲ್ ಮಾಡಿಸಿ.