ಮಂಡಕ್ಕಿ ಭಟ್ಟಿಯ ಕಬ್ಬಿಣಕ್ಕೆ ನ್ಯಾನೋ ಕೋಟಿಂಗ್: ದುಡ್ಡು ಹಾಕಬಹುದಾ?

ಭಟ್ಟಿ ಹುಡುಗ, ದಾವಣಗೆರೆ

ನಮ್ಮದು ಮಂಡಕ್ಕಿ ಭಟ್ಟಿ, ಅಪ್ಪನ ಕಾಲದ್ದು. ಅಕ್ಕಿಗೆ ಉಪ್ಪುನೀರು ಬೆರೆಸುವ ತೊಟ್ಟಿ ಇದೆಯಲ್ಲ, ಅದರ ಕೆಳಗಿನ ಸ್ಟ್ಯಾಂಡಿಗೆ ಎಷ್ಟು ಸಲ ಬಣ್ಣ ಹೊಡೆದರೂ ಒಂದು ವರ್ಷ ತಡೆಯುವುದಿಲ್ಲ. ಮೊನ್ನೆ ಸ್ಟ್ಯಾಂಡಿನ ಕಬ್ಬಿಣದ ಪಟ್ಟಿ, ಅಂದರೆ ಚಾನೆಲ್ ಮೇಲೆ ಬೆರಳಿಟ್ಟು ಒತ್ತಿದೆ, ತುಕ್ಕು ಅವಲಕ್ಕಿ ಥರ ಚಕ್ಕೆ ಚಕ್ಕೆಯಾಗಿ ಉದುರಿತು. ಸಮುದ್ರ ಘಟ್ಟದಾಚೆ ಇದೆ, ನಮ್ಮ ಶೆಡ್ಡಿನೊಳಗೆ ಮಾತ್ರ ಮಲ್ಪೆ ಬಂದರು!

ಹೋದ ವಾರ ಒಬ್ಬ ಸೇಲ್ಸ್‌ನವನು ಬಂದಿದ್ದ. ತಗಡಿನ ತುಂಡಿಗೆ ನೀರು ಹಾಕಿ ತೋರಿಸಿದ. ಕೆಸುವಿನ ಎಲೆ ಮೇಲೆ ಉರುಳಿದ ಹಾಗೆ ಹನಿ ಉರುಳಿ ಹೋಯಿತು. "ನ್ಯಾನೋ ಕೋಟಿಂಗ್ ಸರ್, ತುಕ್ಕಿನ ಮೇಲೇ ಹೊಡೀರಿ, ಹತ್ತು ವರ್ಷ ತಿರುಗಿ ನೋಡೋ ಹಾಗಿಲ್ಲ" ಅಂದ. ಲೀಟರಿಗೆ 2,400 ರೂಪಾಯಿ. ನಾನು ಓದಿದ್ದು ಬಿ.ಕಾಂ. ಈ ನ್ಯಾನೋ ನಿಜಾನಾ, ಸುಮ್ನೆ ಹೆಸರಾ? ಒಲೆ ಹತ್ತಿರದ ಕಂಬಕ್ಕೂ ಹೊಡೆಯಬಹುದಾ? ಗೊತ್ತಿರುವವರು ಹೇಳಿ.

ದುರ್ಗದ ಪೇಂಟರ್

ತಮ್ಮಾ, ನಾನು ಮಂಗಳೂರು ಕಡೆ ಆರು ವರ್ಷ ಹಡಗಿಗೆ ಬಣ್ಣ ಹೊಡೆದವನು. ಈಗ ಜೋಗಿಮಟ್ಟಿ ಕಡೆ ಗಾಳಿಯಂತ್ರದ ಕಂಬಗಳಿಗೆ ಟಚಪ್ ಮಾಡುತ್ತೇನೆ. "ತುಕ್ಕಿನ ಮೇಲೇ ಹೊಡೀರಿ" ಎಂದವನಿಗೆ ಒಂದು ಲೋಟ ಚಹಾ ಕೊಟ್ಟು ಕಳಿಸಿಬಿಡಿ.

ನಿಮ್ಮ ಶತ್ರು ತುಕ್ಕಲ್ಲ, ತುಕ್ಕಿನ ಹೊಟ್ಟೆಯಲ್ಲಿ ಕೂತಿರುವ ಉಪ್ಪು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೋಡಿದ್ದೀರಲ್ಲ? ನೀರು ಹಾಕದಿದ್ದರೂ ಒದ್ದೆ. ಗಾಳಿಯ ತೇವ ನೂರಕ್ಕೆ 75 ದಾಟಿತೆಂದರೆ ಉಪ್ಪು ತಾನೇ ನೀರು ಎಳೆದುಕೊಳ್ಳುತ್ತದೆ. ಬಣ್ಣದ ಅಡಿಯಲ್ಲಿ ಉಪ್ಪು ಉಳಿದರೂ ಅದೇ ಕೆಲಸ ಮಾಡುತ್ತದೆ. ಮೇಲಿನ ಬಣ್ಣ ಹಪ್ಪಳದ ಹಾಗೆ ಉಬ್ಬುತ್ತದೆ.

ಮೊದಲು ಚಕ್ಕೆಯನ್ನು ಕೆರೆದು ತೆಗೆಯಿರಿ. ಆಮೇಲೆ ಸಿಹಿನೀರಲ್ಲಿ ಎರಡು ಮೂರು ಸಲ ಉಜ್ಜಿ ತೊಳೆಯಿರಿ. ಬೋರ್ ನೀರು ಬೇಡ, ನಲ್ಲಿ ನೀರು. ಒಣಗಿದ ಮೇಲೆ ಗ್ರೈಂಡರ್ ಹಾಕಿ, ಬಿಳಿ ಲೋಹ ಕಾಣಬೇಕು. ಗಾಳಿಯ ಒತ್ತಡದಲ್ಲಿ ಮರಳು ಎರಚಿ ತುಕ್ಕು ತೆಗೆಯುವ ಸ್ಯಾಂಡ್ ಬ್ಲಾಸ್ಟಿಂಗ್ ಆದರೆ ಇನ್ನೂ ಒಳ್ಳೆಯದು, ಆದರೆ ಒಂದು ಸ್ಟ್ಯಾಂಡಿಗಾಗಿ ಯಾರೂ ಕಂಪ್ರೆಸರ್ ತರುವುದಿಲ್ಲ. ಆಮೇಲೆ ಎಪಾಕ್ಸಿ, ಅಂದರೆ ಎರಡು ಡಬ್ಬಿ ಬೆರೆಸಿ ಹೊಡೆಯುವ ಗಟ್ಟಿ ಬಣ್ಣ. ಮೊದಲು ಅದರ ಜಿಂಕ್ (ಸತು) ಪ್ರೈಮರ್, ಅದರ ಮೇಲೆ ಎಪಾಕ್ಸಿ ಎರಡು ಕೋಟ್. ರೆಡ್ ಆಕ್ಸೈಡ್ ಸಾಕು ಅಂತ ಬಿಡಬೇಡಿ, ಉಪ್ಪಿಗೆ ಅದು ತಡೆಯಲ್ಲ.

ಒಲೆ ಹತ್ತಿರಕ್ಕೆ ಎಪಾಕ್ಸಿ ಬೇಡ, ಕರಕಲಾಗುತ್ತದೆ. ಅಲ್ಲಿಗೆ ಶಾಖ ತಡೆಯುವ ಸಿಲಿಕೋನ್ ಅಲ್ಯೂಮಿನಿಯಂ ಪೇಂಟ್ ಬರುತ್ತದೆ, ಅದನ್ನೇ ಕೇಳಿ ತನ್ನಿ.

ಹರಿಹರದ ಕೆಮಿಸ್ಟ್ರಿ ಮೇಡಂ

ಪೇಂಟರ್ ಅಣ್ಣ ಹೇಳಿದ್ದು ಸರಿ. ಆದರೆ ನ್ಯಾನೋ ಪೂರ್ತಿ ಸುಳ್ಳು ಅಂತ ತಳ್ಳಿಹಾಕಬೇಡಿ.

ಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ನ್ಯಾನೋ ಕಣ ಎಂದರೆ ನೂರಕ್ಕಿಂತ ಕಡಿಮೆ. ಎಪಾಕ್ಸಿ ನಮ್ಮ ಕಣ್ಣಿಗೆ ಗಟ್ಟಿ ಗಾಜಿನಂತೆ ಕಂಡರೂ ಅದರೊಳಗೆ ಸಣ್ಣ ಸಣ್ಣ ಸಂದುಗಳಿರುತ್ತವೆ. ನೀರು, ಆಮ್ಲಜನಕ, ಉಪ್ಪಿನ ಕ್ಲೋರೈಡ್ ಎಲ್ಲ ಅಲ್ಲಿಂದಲೇ ಇಳಿಯುವುದು. ಸಿಲಿಕಾ, ಸತುವಿನ ಆಕ್ಸೈಡ್, ಜೇಡಿಯ ಪದರಗಳು ಅಲ್ಲಿ ಸೇರಿಕೊಂಡರೆ ನೇರ ದಾರಿ ಮುಚ್ಚುತ್ತದೆ. ನೀರು ಸುತ್ತಿ ಬಳಸಿ ಹೋಗಬೇಕಾಗುತ್ತದೆ. ಇದಕ್ಕೆ ನೂರು ಗ್ರಾಂ ಎಪಾಕ್ಸಿ ರಾಳಕ್ಕೆ ಒಂದೆರಡು ಗ್ರಾಂ ಕಣ ಸಾಕು.

ಜಾಸ್ತಿ ಹಾಕಿದರೆ ಕೆಡುತ್ತದೆ! ಮುದ್ದೆ ಮಾಡುವಾಗ ಹಿಟ್ಟನ್ನು ಒಮ್ಮೆಲೇ ಸುರಿದು ತಿರುವದೆ ಬಿಟ್ಟರೆ ಗಂಟಾಗುತ್ತದಲ್ಲ, ಹಾಗೇ. ಗಂಟಿನ ಪಕ್ಕದಲ್ಲಿ ಹೊಸ ಸಂದು ಬೀಳುತ್ತದೆ. ಹಾಗಾಗಿ ನ್ಯಾನೋ ಪುಡಿ ತಂದು ಕೋಲಲ್ಲಿ ಕಲಸುವ ಸಾಹಸ ಬೇಡ. ಗಂಟು ಒಡೆಯಲು ಬೇರೆ ಯಂತ್ರವೇ ಬೇಕು.

ಇನ್ನು ಆ ಹನಿ ಉರುಳುವ ಆಟ. ನೀರು ಅಂಟದಿರುವುದು ಬೇರೆ, ತುಕ್ಕು ತಡೆಯುವುದು ಬೇರೆ. ಇಂಥ ಪಾರದರ್ಶಕ ಕೋಟುಗಳು ಒಣಗಿದ ಮೇಲೆ ಸಾಮಾನ್ಯವಾಗಿ ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪ ಉಳಿಯುತ್ತವೆ. ನಿಮ್ಮ ಚಾನೆಲ್ಲಿನ ಗುಳಿಗಳು ಅದಕ್ಕಿಂತ ಎಷ್ಟೋ ಆಳ. ಅವನನ್ನು ಮೂರು ಮಾತು ಕೇಳಿ. ಒಣಗಿದ ಮೇಲೆ ಎಷ್ಟು ಮೈಕ್ರಾನ್? ಉಪ್ಪಿನ ಮಂಜಿನ ಪರೀಕ್ಷೆ ಎಷ್ಟು ಗಂಟೆ ತಡೆದಿದೆ? ಅದು ನೂರಕ್ಕೆ 5ರ ಉಪ್ಪುನೀರನ್ನು 35 ಡಿಗ್ರಿಯಲ್ಲಿ ಸಿಂಪಡಿಸುವ ಪರೀಕ್ಷೆ. ಯಾವ ಕಬ್ಬಿಣದ ಮೇಲೆ ಮಾಡಿದ್ದು, ತುಕ್ಕಿನದೋ ಬ್ಲಾಸ್ಟ್ ಮಾಡಿದ್ದೋ? ಮೂರನೆಯದಕ್ಕೆ ಸಾಮಾನ್ಯವಾಗಿ ಮಾತು ನಿಲ್ಲುತ್ತದೆ.

ಗ್ರಾಫೀನ್, ಅಂದರೆ ಇಂಗಾಲದ ಅತಿ ತೆಳು ಹಾಳೆ, ಇದೆ ಎಂದರೆ ಇನ್ನೊಂದು ಎಚ್ಚರ. ಅದು ವಿದ್ಯುತ್ ಹರಿಸುತ್ತದೆ. ಗೀರು ಬಿದ್ದ ಕಡೆ ಕಬ್ಬಿಣ ಬೇಗ ತಿನ್ನಿಸಿಕೊಳ್ಳಬಹುದು. ಜಿಂಕ್ ಇದಕ್ಕೆ ತದ್ವಿರುದ್ಧ, ತಾನು ಸವೆದು ಕಬ್ಬಿಣ ಉಳಿಸುತ್ತದೆ. ಮತ್ತೆ, ಅಕ್ಕಿ ಮುಟ್ಟುವ ಒಳಮೈಗೆ ಇದ್ಯಾವುದನ್ನೂ ಬಳಿಯಬೇಡಿ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಹಾಕಿ, ಅದೂ 316 ದರ್ಜೆಯದು. ಉಪ್ಪಿಗೆ 304 ಗುಳಿ ಬೀಳುತ್ತದೆ.

ಎಣ್ಣೆ ಗಿರಣಿ, ಚಳ್ಳಕೆರೆ

ನಾವು ಹೋದ ವರ್ಷ ಇಂಥದ್ದೇ ಒಂದನ್ನು ಗೇಟಿಗೆ ಹೊಡೆಸಿದೆವು. ಹೊಸ ಗೇಟು, ಚೆನ್ನಾಗೇ ಇದೆ. ಆದರೆ ನಮ್ಮೂರಲ್ಲಿ ಮಳೆಯೇ ಇಲ್ಲ, ಸುಣ್ಣ ಹೊಡೆದಿದ್ದರೂ ಚೆನ್ನಾಗೇ ಇರುತ್ತಿತ್ತೇನೋ.

ಭಟ್ಟಿ ಹುಡುಗ, ದಾವಣಗೆರೆ

ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಅಪ್ಪನಿಗೆ ಯಾರ ಮಾತೂ ಪೂರ್ತಿ ನಂಬಿಕೆಯಿಲ್ಲ. ಅದಕ್ಕೇ ಒಂದೇ ಚಾನೆಲ್ಲಿನಲ್ಲಿ ಮೂರು ಗೇಣು ಗುರುತು ಮಾಡಿದೆವು. ಮೊದಲನೆಯದಕ್ಕೆ ಸೇಲ್ಸ್‌ನವನು ಹೇಳಿದ ಹಾಗೇ, ತುಕ್ಕಿನ ಮೇಲೇ ನ್ಯಾನೋ. ಎರಡನೆಯದಕ್ಕೆ ತೊಳೆದು ಉಜ್ಜಿ ನ್ಯಾನೋ. ಮೂರನೆಯದಕ್ಕೆ ತೊಳೆದು ಉಜ್ಜಿ ಜಿಂಕ್, ಎಪಾಕ್ಸಿ. ಮೂರಕ್ಕೂ ಮೊಳೆಯಿಂದ ಅಡ್ಡ ಉದ್ದ ಗೀರು ಎಳೆದೆ.

ಮೊದಲನೆಯದು ಆಷಾಢ ಮುಗಿಯುವಷ್ಟರಲ್ಲೇ ಉಬ್ಬಿತು. ಉಗುರು ತಾಗಿಸಿದರೆ ಒಳಗೆ ಕಂದು ನೀರು. ಎರಡನೆಯದು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ತಡೆದಿದೆ, ಮೈ ಇನ್ನೂ ಹೊಳೆಯುತ್ತದೆ. ಆದರೆ ಗೀರಿನ ಎರಡೂ ಬದಿಗೆ ಬೆರಳಗಲ ತುಕ್ಕು ಹರಿದಿದೆ. ಮೂರನೆಯದರ ಗೀರಿನಲ್ಲಿ ಬೂದಿ ಬಣ್ಣದ ಪುಡಿ ಕೂತಿದೆ ಅಷ್ಟೇ, ಕೆಂಪು ಇಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

ಒಂದೇ ತೊಂದರೆ. ಕಾಲು ಮತ್ತು ಚಾನೆಲ್ ಸೇರುವ ವೆಲ್ಡಿಂಗ್ ಮೂಲೆಯಲ್ಲಿ ಎಪಾಕ್ಸಿ ಇದ್ದರೂ ತುಕ್ಕು ಇಣುಕುತ್ತಿದೆ. ಅಲ್ಲಿಗೆ ಗ್ರೈಂಡರ್ ಹೋಗುವುದಿಲ್ಲ. ಏನು ಮಾಡಲಿ ಅಣ್ಣ?

ದುರ್ಗದ ಪೇಂಟರ್

ಚೂಪಾದ ಅಂಚು, ವೆಲ್ಡಿಂಗ್ ಗಂಟು ಎರಡರ ಮೇಲೂ ಬಣ್ಣ ನಿಲ್ಲದೆ ಜಾರಿ ತೆಳ್ಳಗಾಗುತ್ತದೆ. ಮೂಲೆಯನ್ನು ಚಿಕ್ಕ ವೈರ್ ಬ್ರಷ್‌ನಿಂದ ಕೆರೆಯಿರಿ, ವೆಲ್ಡಿಂಗ್ ಸಿಡಿದು ಅಂಟಿದ ಕಾಳುಗಳನ್ನು ಉಳಿಯಿಂದ ಹಾರಿಸಿ, ಮತ್ತೆ ತೊಳೆದು ಒಣಗಿಸಿ. ಆಮೇಲೆ ಅರ್ಧ ಇಂಚಿನ ಬ್ರಷ್ ತೆಗೆದುಕೊಂಡು ಆ ಮೂಲೆ, ಅಂಚುಗಳಿಗೆ ಮಾತ್ರ ಕೈಯಲ್ಲಿ ಒಂದು ಕೋಟ್ ತೀಡಿ. ಅದು ಒಣಗಿದ ಮೇಲೆ ಎಲ್ಲ ಕಡೆಗೂ ಹೊಡೆಯಿರಿ. ಬೆಳಿಗ್ಗೆ ಕಬ್ಬಿಣ ಬೆವರಿರುವಾಗ ಶುರು ಮಾಡಬೇಡಿ, ಹನ್ನೊಂದು ಗಂಟೆ ಆಗಲಿ.