ಅಪ್ಪ ಮೆಚ್ಚಿದ ಕಂಪನಿಯ ಪಿಕಪ್ಪೇ ಕೊಳ್ಳಬೇಕಾ? ಭೋಸರಿ ಮೇಸ್ತ್ರಿಗೆ ನಮ್ಮ ಪ್ರಶ್ನೆಗಳು

ಪುಣೆ ಕನ್ನಡಿಗರ ಗುಂಪಿನ ಪ್ರಶ್ನೋತ್ತರದಲ್ಲಿ ಈ ಸಲ ಪಿಕಪ್ ಗಾಡಿಗಳ ಸರದಿ. ಉತ್ತರ ಕೊಡುತ್ತಿರುವವರು ಭೋಸರಿಯಲ್ಲಿ ಗ್ಯಾರೇಜ್ ನಡೆಸುವ, ಇಂಡಿ ತಾಲ್ಲೂಕಿನ ಮೇಸ್ತ್ರಿ. ಕಾರು, ಬೈಕಿನ ಪ್ರಶ್ನೆ ತರಬೇಡಿ ಅಂತ ಮೊದಲೇ ಹೇಳಿದ್ದಾರೆ.

ಪ್ರಶ್ನೆ (ಹಡಪ್ಸರ್, ತರಕಾರಿ ವ್ಯಾಪಾರ): ಮೇಸ್ತ್ರಿ ಅಣ್ಣಾ, ನಮಸ್ಕಾರ. ನಾರಾಯಣಗಾವ್ ಕಡೆಯಿಂದ ಟೊಮೇಟೊ ತಂದು ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಹಾಕೋದು ನಮ್ಮ ಕೆಲಸ. ಇಷ್ಟು ದಿನ ಬಾಡಿಗೆ ಗಾಡಿಯಲ್ಲೇ ನಡೀತು. ಈಗ ಸ್ವಂತದ್ದು ಕೊಳ್ಳಬೇಕು. ಅಪ್ಪ ಮಹೀಂದ್ರಾ ಬಿಟ್ಟು ಬೇರೆ ಮಾತೇ ಬೇಡ ಅಂತಾರೆ. ಮಾವನ ಮಗ ಟಾಟಾ ಅಂತಾನೆ. ಅಶೋಕ್ ಲೇಲ್ಯಾಂಡ್ ದೋಸ್ತ್ ಕೂಡ ನೋಡಿ ಬಂದಿದ್ದೇನೆ. ಮನೆಯಲ್ಲಿ ದಿನಾ ಇದೇ ಜಗಳ. ಯಾವ ಕಂಪನಿ ಒಳ್ಳೆಯದು, ಒಂದೇ ಮಾತಲ್ಲಿ ಹೇಳಿಬಿಡಿ.

ಮೇಸ್ತ್ರಿ: ಒಂದೇ ಮಾತಲ್ಲಿ ಹೇಳಿದರೆ ಆ ಜಗಳಕ್ಕೆ ನಾನೂ ಸೇರಿಕೊಂಡ ಹಾಗೆ ಆಗುತ್ತೆ ತಮ್ಮಾ. ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ನಿಮ್ಮಪ್ಪ ಸುಮ್ನೆ ಹೇಳ್ತಿಲ್ಲ. ಮಹೀಂದ್ರಾದವರು 1947ರಿಂದ ವಿಲ್ಲಿಸ್ ಜೀಪ್ ಜೋಡಿಸುತ್ತಾ ಬಂದವರು. ಕೆಟ್ಟ ರಸ್ತೆಗೆ, ಹಳ್ಳಿಗೆ ಅವರ ಗಾಡಿ ಅನ್ನೋ ನಂಬಿಕೆ ಆಗಿನಿಂದ ಬಂದದ್ದು. ಇವತ್ತಿಗೂ ಬೊಲೆರೊ ಪಿಕಪ್ ಅದರ ವರ್ಗದಲ್ಲಿ ಎಲ್ಲರಿಗಿಂತ ಜಾಸ್ತಿ ಓಡ್ತಿದೆ.

ನಿಮ್ಮ ಮಾವನ ಮಗನ ಮಾತಿಗೂ ಬೇರು ಇದೆ. 1980ರ ದಶಕದಲ್ಲಿ ಜಪಾನಿನ ನಾಲ್ಕು ಕಂಪನಿಗಳು ನಮ್ಮವರ ಜೊತೆ ಸೇರಿ ಸಣ್ಣ ಲಾರಿ ತಂದವು: ಡಿಸಿಎಂ ಟೊಯೊಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸ್ಸಾನ್. ಎಲ್ಲವೂ ನಯವಾದ ಗಾಡಿಗಳೇ. ಟಾಟಾದವರು 1986ರಲ್ಲಿ ಇಲ್ಲೇ ಪುಣೆಯಲ್ಲಿ ಮಾಡಿದ 407 ಅನ್ನೋ ಸಣ್ಣ ಲಾರಿ ಮಾರುಕಟ್ಟೆಗೆ ಬಿಟ್ಟರು. ಜಪಾನಿನ ಯೆನ್ ದುಬಾರಿಯಾಗಿ ಆ ನಾಲ್ಕು ಗಾಡಿಗಳ ಬಿಡಿಭಾಗಗಳ ಬೆಲೆ ಏರಿತು. 407ಗೆ ಯಾವ ಊರಲ್ಲೂ ಮೇಸ್ತ್ರಿ ಸಿಗುತ್ತಿದ್ದ, ಯಾವ ಅಂಗಡಿಯಲ್ಲೂ ಸಾಮಾನು ಸಿಗುತ್ತಿತ್ತು. ಟಾಟಾ ಹೆಸರು ಗಳಿಸಿದ್ದು ಆಗ. 2005ರಲ್ಲಿ ಏಸ್ ಬಂದಾಗ, ಅದೇ ನಮ್ಮ ಛೋಟಾ ಹಾಥಿ, ಮೂರು ಚಕ್ರದ ಗಾಡಿ ಓಡಿಸುತ್ತಿದ್ದವರೆಲ್ಲ ಅದಕ್ಕೆ ಮುಗಿಬಿದ್ದರು. ಎರಡು ಸಿಲಿಂಡರಿನ, 702 ಸಿಸಿಯ ಪುಟ್ಟ ಡೀಸೆಲ್ ಇಂಜಿನ್. 20 ಲಕ್ಷಕ್ಕೂ ಜಾಸ್ತಿ ಏಸ್ ಮಾರಾಟ ಆಗಿವೆ.

ಈಗ ನನ್ನ ಮಾತು ಕೇಳಿ. ಈ ಹೆಸರೆಲ್ಲ ಹಳೇ ಗಾಡಿಗಳು ಗಳಿಸಿದ್ದು, ನೀವು ಕೊಳ್ಳುವುದು ಹೊಸದು. 2020ರ ಏಪ್ರಿಲ್ 1ರಿಂದ ಬಿಎಸ್6, ಅಂದರೆ ಹೊಗೆ ಕಡಿಮೆ ಮಾಡುವ ಹೊಸ ನಿಯಮ, ಬಂತು. ಅಲ್ಲಿಂದ ಡೀಸೆಲ್ ಇಂಜಿನಿನ ಸುತ್ತ ಇರುವ ಸಾಮಾನೇ ಬದಲಾಯಿತು. ಸೆನ್ಸರ್, ಫಿಲ್ಟರ್, ವೈರಿಂಗ್ ಎಲ್ಲಾ ಜಾಸ್ತಿ. ಬಾಗಿಲ ಮೇಲಿನ ಹೆಸರು ಮಾತ್ರ ಅದೇ. ಅಪ್ಪ ಹೊಗಳೋ ಗಾಡಿಯನ್ನ ರಸ್ತೆ ಬದಿಯಲ್ಲಿ ಸ್ಪ್ಯಾನರ್ ಹಿಡಿದು ರಿಪೇರಿ ಮಾಡಬಹುದಿತ್ತು. ಈಗಿನದಕ್ಕೆ ಮೊದಲು ಸ್ಕ್ಯಾನರ್ ಹಚ್ಚಬೇಕು. ಅದಕ್ಕೇ ಕಂಪನಿ ಕೇಳೋದು ಬಿಟ್ಟು ಮಾಡೆಲ್ ಕೇಳಿ, ಅದರೊಳಗಿನ ಇಂಜಿನ್ ಯಾವುದು ಅಂತ ಕೇಳಿ.

ನಿಮ್ಮ ಲೆಕ್ಕಕ್ಕೆ ಬರ್ತೀನಿ. ಕ್ರೇಟಿಗೆ 20 ಕಿಲೋ ಹಣ್ಣು, ಕ್ರೇಟಿನ ತೂಕ ಬೇರೆ. 60 ಕ್ರೇಟ್ ಅಂದರೆ 1.3 ಟನ್ ಹತ್ತಿರ. ಏಸ್ 750 ಕಿಲೋ ಗಾಡಿ, ಅದನ್ನ ಮರೆತುಬಿಡಿ. ಟಾಟಾದ ಇಂಟ್ರಾ ವಿ30, ಬೊಲೆರೊ ಪಿಕಪ್, ದೋಸ್ತ್ ಪ್ಲಸ್, ಮೂರರಲ್ಲಿ ಯಾವುದಾದರೂ ನಿಮ್ಮ ಕೆಲಸ ಮಾಡುತ್ತೆ. ಇನ್ನೊಂದು ವಿಷಯ. ಗಾಡಿ, ಮಾಲು ಸೇರಿ ಒಟ್ಟು ತೂಕ 3000 ಕಿಲೋ ದಾಟದಿದ್ದರೆ ಪರ್ಮಿಟ್ ಬೇಡ. ಒಂದೇ ಕಂಪನಿಯ ಚಿಕ್ಕ ಮಾಡೆಲ್ ಈ ಗೆರೆಯ ಒಳಗಿರುತ್ತೆ, ದೊಡ್ಡದು ಹೊರಗಿರುತ್ತೆ. ಮುಂಗಡ ಕೊಡೋ ಮೊದಲೇ ಇದನ್ನ ಕೇಳಿಕೊಳ್ಳಿ.

ಅದೇ ವ್ಯಾಪಾರಿ: ಮೂರೂ ಆಗುತ್ತೆ ಅಂದರೆ ಜಗಳ ಇದ್ದಲ್ಲೇ ಇದೆಯಲ್ಲ ಅಣ್ಣಾ!

ಮೇಸ್ತ್ರಿ: ಇದ್ದಲ್ಲೇ ಇಲ್ಲ. ನಾರಾಯಣಗಾವ್, ಮಂಚರ್, ಚಾಕಣ್, ಹಡಪ್ಸರ್, ಈ ದಾರಿಯಲ್ಲಿ ಯಾವ ಕಂಪನಿಯ ವರ್ಕ್‌ಶಾಪ್ ಎಲ್ಲೆಲ್ಲಿದೆ ಅಂತ ನೀವೇ ಹೋಗಿ ನೋಡಿ. ಶೋರೂಮ್ ನೋಡಬೇಡಿ, ಹಿಂದಿನ ವರ್ಕ್‌ಶಾಪ್ ನೋಡಿ. ಬೆಳಿಗ್ಗೆ ಎಷ್ಟು ಗಾಡಿ ಒಳಗೆ ನಿಂತಿವೆ, ಸಾಮಾನಿಗೆ ಕಾಯುತ್ತಾ ಎಷ್ಟು ದಿನದಿಂದ ನಿಂತಿವೆ ಅಂತ ಡ್ರೈವರ್‌ಗಳನ್ನ ಕೇಳಿ. ಟೊಮೇಟೊ ಕಾಯಲ್ಲ. ಅಪ್ಪನ ಆಯ್ಕೆ ಅಲ್ಲಿ ಗೆದ್ದರೆ ಅಪ್ಪನದ್ದೇ ತಗೊಳ್ಳಿ, ಮನೆಯಲ್ಲೂ ಶಾಂತಿ.

ಪ್ರಶ್ನೆ (ವಾಕಡ್, ಟೈಲ್ಸ್ ಅಂಗಡಿ): ನಮ್ಮ ಲೈನಿನಲ್ಲಿ ಒಂದೇ ಮಾತು: "ಆ ಕಂಪನಿ ಗಾಡಿ ಎರಡೂವರೆ ಟನ್ ಹಾಕಿದರೂ ಎಳೆಯುತ್ತೆ, ಈ ಕಂಪನಿಯದು ಕೂತುಬಿಡುತ್ತೆ." 1.7 ಟನ್ನಿನ ಪಿಕಪ್ ತಗೊಂಡು ಹಿಂದೆ ಎರಡು ಪಾಟಾ (ಸ್ಪ್ರಿಂಗ್ ಪಟ್ಟಿ) ಜಾಸ್ತಿ ಹಾಕಿಸೋಣ ಅಂತಿದ್ದೇನೆ. ನೀವೇ ಹಾಕಿಕೊಡ್ತೀರಾ?

ಮೇಸ್ತ್ರಿ: ಇಲ್ಲ, ಹಾಕಲ್ಲ. ಯಾಕೆ ಅಂತ ಹೇಳ್ತೀನಿ, ಇದನ್ನ ತುಂಬಾ ಜನ ಕೇಳ್ತಾರೆ.

ಪಾಟಾ ಸೇರಿಸಿದರೆ ಗಾಡಿ ಹಿಂದೆ ಕೂರಲ್ಲ, ನಿಜ. ನೋಡೋಕೆ ಗಟ್ಟಿ ಕಾಣುತ್ತೆ. ಆದರೆ ಆಕ್ಸಲ್, ಬೇರಿಂಗ್, ಚಾಸಿಸ್, ಟೈರ್, ಬ್ರೇಕ್ ಎಲ್ಲ ಮೊದಲಿನವೇ. ಬ್ರೇಕಿನ ಕಥೆ ಇನ್ನೂ ಕೆಟ್ಟದು. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಚಾಸಿಸ್ಸಿಗೂ ನಡುವೆ ಒಂದು ಕಡ್ಡಿ ಜೋಡಿಸಿದ ವಾಲ್ವ್ ಇರುತ್ತೆ. ಲೋಡ್ ಬಿದ್ದು ಗಾಡಿ ಕೂತಷ್ಟೂ ಅದು ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತೆ. ಖಾಲಿ ಇದ್ದಾಗ ಕಡಿಮೆ ಬಿಡುತ್ತೆ, ಇಲ್ಲದಿದ್ದರೆ ಖಾಲಿ ಗಾಡಿಯ ಹಿಂದಿನ ಚಕ್ರ ಲಾಕ್ ಆಗಿ ತಿರುಗಿಬಿಡುತ್ತೆ. ನೀವು ಪಾಟಾ ಸೇರಿಸಿದಿರಿ ಅಂತಿಟ್ಟುಕೊಳ್ಳಿ. ಎರಡೂವರೆ ಟನ್ ಹಾಕಿದರೂ ಗಾಡಿ ಸರಿಯಾಗಿ ಕೂರಲ್ಲ. ವಾಲ್ವಿಗೆ ಗಾಡಿ ಅರ್ಧ ಖಾಲಿ ಅಂತಲೇ ಲೆಕ್ಕ. ಹಿಂದಿನ ಬ್ರೇಕ್ ಅರೆಬರೆ. ಹೀಗೆ ಕಾತ್ರಜ್ ಇಳಿಜಾರು ಮುಗಿಸಿ ನವಲೆ ಬ್ರಿಜ್ ಹತ್ತಿರ ಬಂದರೆ ಏನಾಗುತ್ತೆ ಅಂತ ಪುಣೆಯಲ್ಲಿರೋರಿಗೆ ನಾನು ಹೇಳಬೇಕಾ?

ಹಿಡಿದರೆ ದಂಡ 20,000 ರೂಪಾಯಿ, ಮೇಲೆ ಪ್ರತಿ ಟನ್ನಿಗೆ 2,000. ಜಾಸ್ತಿ ಇರುವ ಮಾಲನ್ನ ಅಲ್ಲೇ ಇಳಿಸಬೇಕು. ಅಪಘಾತ ಆದರೆ ಇನ್ಶೂರೆನ್ಸಿನವರು ಮೊದಲು ಕೇಳೋದೇ ತೂಕದ ಚೀಟಿ.

"ಎಷ್ಟು ಹಾಕಿದರೂ ಎಳೆಯುತ್ತೆ" ಅನ್ನೋ ಹೆಸರು ಬಂದದ್ದು ಹೇಗೆ ಗೊತ್ತಾ? ಎಳೆದ ಗಾಡಿಯ ಕಥೆ ಚಹಾದ ಟಪರಿಯಲ್ಲಿ ಕುಳಿತು ಎಲ್ಲರೂ ಹೇಳ್ತಾರೆ. ಆಕ್ಸಲ್ ಹೌಸಿಂಗ್ ಸೀಳಿದ ಗಾಡಿಯ ಮಾಲೀಕ ನನ್ನ ಗ್ಯಾರೇಜಿಗೆ ಸದ್ದಿಲ್ಲದೆ ಬರ್ತಾನೆ. ಎರಡೂವರೆ ಟನ್ನಿನ ಕೆಲಸ ದಿನಾ ಇದ್ದರೆ ಅಷ್ಟು ಪಾಸಿಂಗ್ (ಕಾನೂನು ಒಪ್ಪಿದ ಲೋಡ್) ಇರುವ ದೊಡ್ಡ ಗಾಡಿಯನ್ನೇ ತಗೊಳ್ಳಿ.

ಪ್ರಶ್ನೆ (ಚಿಂಚ್‌ವಡ, ಖಾನಾವಳಿ): ಅಣ್ಣಾವ್ರೇ, ನಮ್ಮದು ರೊಟ್ಟಿ, ಚಪಾತಿ, ಪಲ್ಯ ಮಾಡಿ ಕ್ಯಾಂಟೀನುಗಳಿಗೆ ಕೊಡುವ ಕೆಲಸ. 300 ಕಿಲೋ ಕೂಡ ಆಗಲ್ಲ, ದೂರವೂ ಇಲ್ಲ. ಎರಡು ವರ್ಷದ ಹಿಂದೆ ಹೆಸರಾಂತ ಕಂಪನಿಯ ಡೀಸೆಲ್ ಪಿಕಪ್ ತಗೊಂಡ್ವಿ. ಡ್ಯಾಶ್‌ಬೋರ್ಡಲ್ಲಿ ಲೈಟ್ ಹತ್ತೋದು, ಗಾಡಿ ಎಳೆಯದೆ ಇರೋದು, ವರ್ಕ್‌ಶಾಪಿಗೆ ಒಯ್ಯೋದು ಇದೇ ಆಯ್ತು. ಆ ಕಂಪನಿ ಹೆಸರು ತೆಗೆದರೇ ಸಿಟ್ಟು ಬರುತ್ತೆ. ಮಾರಿ ಬೇರೆ ಕಂಪನಿ ಡೀಸೆಲ್ ತಗೊಳ್ಳಲಾ?

ಮೇಸ್ತ್ರಿ: ಅಕ್ಕಾ, ಬೇರೆ ಕಂಪನಿಯ ಡೀಸೆಲ್ ತಗೊಂಡರೂ ಅದೇ ಲೈಟ್ ಹತ್ತುತ್ತೆ.

ಈಗಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ಲೈನಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತೆ, ಡಿಪಿಎಫ್ ಅಂತಾರೆ. ಅದು ತುಂಬಿದಾಗ ತಾನೇ ಬಿಸಿಯಾಗಿ ಮಸಿಯನ್ನ ಸುಟ್ಟುಕೊಳ್ಳಬೇಕು. ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಬೇಕು. ನಿಮ್ಮ ಗಾಡಿ ಚಿಂಚ್‌ವಡದಿಂದ ಹೊರಟು ಎರಡು ಸಿಗ್ನಲ್ ದಾಟಿ ನಿಲ್ಲುತ್ತೆ. ಡಬ್ಬಿ ಇಳಿಸಿ ಮತ್ತೆ ಸ್ಟಾರ್ಟ್. ಫಿಲ್ಟರ್ ಬಿಸಿ ಆಗೋದೇ ಇಲ್ಲ, ಮಸಿ ತುಂಬುತ್ತಲೇ ಹೋಗುತ್ತೆ. ಇದೇ ಗಾಡಿ ದಿನಾ ಸಾತಾರಾಕ್ಕೆ ಹೋಗಿ ಬರುವವರ ಕೈಯಲ್ಲಿದ್ದರೆ ಅವರು ಇದನ್ನ ಹೊಗಳುತ್ತಿದ್ದರು. ಕಂಪನಿಗೆ ಕೆಟ್ಟ ಹೆಸರು ಬರೋದು ಹೀಗೂ ಇದೆ.

ನಿಜವಾಗಿ ತಪ್ಪು ಮಾಡಿದವರು ನಿಮ್ಮ ಕೆಲಸ ಏನು ಅಂತ ಕೇಳದೆ ಡೀಸೆಲ್ ಮಾರಿದ ಸೇಲ್ಸಿನವರು. ನಿಮಗೆ ಸಿಎನ್‌ಜಿ ಸರಿ. ಮಾರುತಿ ಸೂಪರ್ ಕ್ಯಾರಿ 1.2 ಲೀಟರ್ ಕಾರಿನ ಇಂಜಿನಿನದು, ಸಿಎನ್‌ಜಿಯಲ್ಲಿ ಬರುತ್ತೆ. ಟಾಟಾ ಏಸ್‌ನಲ್ಲೂ ಸಿಎನ್‌ಜಿ ಇದೆ. ಸಿಲಿಂಡರಿನ ತೂಕಕ್ಕೆ ಲೋಡ್ ಸ್ವಲ್ಪ ಕಡಿಮೆ ಆಗುತ್ತೆ, ನಿಮ್ಮ 300 ಕಿಲೋಗೆ ಅದು ಲೆಕ್ಕವೇ ಅಲ್ಲ. ಪಂಪಿನ ಮುಂದೆ ಕ್ಯೂ ಎಷ್ಟು ಉದ್ದ ಇರುತ್ತೆ ಅಂತ ಮಾತ್ರ ಮೊದಲು ನೋಡಿಕೊಳ್ಳಿ.

ಅದೇ ಅಕ್ಕ: ಹುಡುಗನ ಹತ್ತಿರ ಕಾರಿನ ಲೈಸೆನ್ಸ್ ಮಾತ್ರ ಇದೆ. ನಡೆಯುತ್ತಾ?

ಮೇಸ್ತ್ರಿ: ನಡೆಯುತ್ತೆ. ಒಟ್ಟು ತೂಕ 7500 ಕಿಲೋ ಒಳಗಿನ ಸರಕು ಗಾಡಿಗೆ ಅದೇ ಲೈಸೆನ್ಸ್ ಸಾಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಮತ್ತೆ ಹೇಳಿದೆ.

ಪ್ರಶ್ನೆ (ಕೋಥ್ರೂಡ್, ಐಟಿ ಕೆಲಸ): ಟೊಯೊಟಾ ಹೈಲಕ್ಸ್ ತಗೊಂಡು ವಾರದ ದಿನ ಆಫೀಸಿಗೆ, ವಾರಾಂತ್ಯ ಊರಿನ ತೋಟಕ್ಕೆ ಹೋಗೋಣ ಅಂತ ಆಸೆ. ಜಗತ್ತಲ್ಲೇ ಮುರಿಯದ ಪಿಕಪ್ ಅಂತಾರೆ. ನಿಮ್ಮ ಅಭಿಪ್ರಾಯ?

ಮೇಸ್ತ್ರಿ: ಒಳ್ಳೆ ಗಾಡಿ, ಎರಡು ಮಾತಿಲ್ಲ. 2022ರಲ್ಲಿ ನಮ್ಮ ದೇಶಕ್ಕೆ ಬಂತು, 2.8 ಲೀಟರ್ ಡೀಸೆಲ್. ಆದರೆ ಇಲ್ಲಿ ಮಾರುವ ಹೈಲಕ್ಸ್‌ನ ಲೋಡ್ ಅರ್ಧ ಟನ್ನಿಗಿಂತ ಕಡಿಮೆ. ಮೇಲೆ ಬರೆದ ಛೋಟಾ ಹಾಥಿ ಅದಕ್ಕಿಂತ ಜಾಸ್ತಿ ಹೊರುತ್ತೆ! ತೋಟದಿಂದ ತೆಂಗಿನಕಾಯಿ ತುಂಬಿಸಿಕೊಂಡು ಬರ್ತೀನಿ ಅಂದುಕೊಂಡಿದ್ದರೆ ಮತ್ತೊಮ್ಮೆ ಯೋಚಿಸಿ. ಮನಸ್ಸಿಗೆ ಖುಷಿ ಅಂತ ತಗೊಂಡರೆ ನನ್ನದೇನೂ ತಕರಾರಿಲ್ಲ.

ಅಮೆರಿಕದಲ್ಲಿ ಕಂಪನಿ ಹೆಸರಿನ ಈ ಮೋಹ ಇನ್ನೂ ಜಾಸ್ತಿ. ಅಲ್ಲಿ 1977ರಿಂದ ಫೋರ್ಡಿನ ಎಫ್ ಸೀರೀಸೇ ಅತಿ ಹೆಚ್ಚು ಮಾರಾಟ ಆಗುವ ಪಿಕಪ್. ಫೋರ್ಡ್ ಮನೆ, ಷೆವ್ರೊಲೆ ಮನೆ ಅಂತ ತಲೆಮಾರುಗಟ್ಟಲೆ ನಿಷ್ಠೆ ನಡೆಯುತ್ತೆ. ಎಷ್ಟೋ ಜನಕ್ಕೆ ಅದು ಮನೆಯ ಗಾಡಿ. ನಮ್ಮ ಬಹಳ ಮಂದಿಗೆ ಅದು ಇಎಂಐ ದುಡಿಯುವ ಗಾಡಿ, ಅಷ್ಟು ಪ್ರೀತಿ ನಮಗೆ ಗಿಟ್ಟುವುದಿಲ್ಲ.

ಪ್ರಶ್ನೆ (ಕಾತ್ರಜ್, ಬಾಡಿಗೆ ಗಾಡಿ): ಪುಣೆಯಿಂದ ವಿಜಯಪುರ, ಬೆಳಗಾವಿ ಕಡೆ ಪಾರ್ಸೆಲ್ ಒಯ್ಯುತ್ತೇನೆ. ಐದು ವರ್ಷ ಓಡಿಸಿ ಮಾರುವ ಲೆಕ್ಕ. ದೋಸ್ತ್‌ಗೆ ರಿಯಾಯಿತಿ ಜಾಸ್ತಿ ಸಿಗ್ತಿದೆ. ಮಾರುವಾಗ ರೇಟ್ ಬರಲ್ಲ ಅಂತ ಏಜೆಂಟ್ ಹೆದರಿಸ್ತಾನೆ.

ಮೇಸ್ತ್ರಿ: ಏಜೆಂಟ್ ಹೇಳೋದು ಅರ್ಧ ನಿಜ. ಕಂಪನಿಯ ಹೆಸರಿಗೆ ನಿಜವಾಗಿ ದುಡ್ಡಿನ ಬೆಲೆ ಬರೋದು ಮಾರುವ ದಿನ. ಹಳೇ ಗಾಡಿ ಕೊಳ್ಳುವವನು ಇಂಜಿನ್ ಒಳಗೆ ಇಣುಕಲ್ಲ, ಸುತ್ತಲಿನವರು ಏನು ಓಡಿಸ್ತಾರೆ ಅಂತ ನೋಡ್ತಾನೆ. ಫೈನಾನ್ಸಿನವರೂ ಹಾಗೇ. ಬೇಗ ಕೈ ಬದಲಾಗುವ ಮಾಡೆಲ್ಲಿಗೆ ಸಾಲ ಜಾಸ್ತಿ, ಮುಂಗಡ ಕಡಿಮೆ.

ಆದರೆ ಈ ಹೆಸರು ಊರಿಂದ ಊರಿಗೆ ಬೇರೆ. ದೋಸ್ತ್ 2011ರಲ್ಲಿ ಬಂತು. ಮೊದಲು ನಿಸ್ಸಾನ್ ಜೊತೆ ಸೇರಿ ಮಾಡುತ್ತಿದ್ದರು, 2016ರಲ್ಲಿ ನಿಸ್ಸಾನ್ ಹೊರಗೆ ಹೋಯಿತು. ದಕ್ಷಿಣದ ಕಡೆ ಲೇಲ್ಯಾಂಡ್ ಮೊದಲಿಂದ ಮನೆಮಾತು, ಅಲ್ಲಿ ಗಿರಾಕಿ ಸುಲಭ. ಇಲ್ಲಿ ಎಂಎಚ್-12 ನಂಬರಿನ ದೋಸ್ತ್ ಮಾರಲು ಕೂತರೆ ಸ್ವಲ್ಪ ಕಾಯಬೇಕಾಗುತ್ತೆ. ಅಲ್ಲಿಗೆ ಒಯ್ದು ಮಾರೋಣ ಅಂದರೆ ಎನ್‌ಒಸಿ, ಕರ್ನಾಟಕದ ತೆರಿಗೆ, ಹೊಸ ನಂಬರ್, ಓಡಾಟ ಎಲ್ಲ ಇದೆ.

ಹೀಗೆ ಮಾಡಿ. ಐದು ವರ್ಷ ಹಳೆಯ ದೋಸ್ತ್‌ಗೂ, ನೀವು ಯೋಚಿಸಿರುವ ಇನ್ನೊಂದು ಕಂಪನಿಯ ಅಷ್ಟೇ ಹಳೆಯ ಗಾಡಿಗೂ ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಈಗ ಎಷ್ಟು ಕೇಳ್ತಾರೆ ಅಂತ ಗಿರಾಕಿಯ ಹಾಗೆ ಹೋಗಿ ವಿಚಾರಿಸಿ. ಆ ಎರಡು ರೇಟುಗಳ ವ್ಯತ್ಯಾಸಕ್ಕಿಂತ ಇವತ್ತಿನ ರಿಯಾಯಿತಿ ದೊಡ್ಡದಿದ್ದರೆ ದೋಸ್ತ್ ತಗೊಳ್ಳಿ. ಹೊಸ ಸರಕು ಗಾಡಿಗೆ ಫಿಟ್ನೆಸ್ ಸರ್ಟಿಫಿಕೇಟ್ ಎರಡು ವರ್ಷ, ಆಮೇಲೆ ಎಂಟು ವರ್ಷದ ತನಕ ಎರಡೆರಡು ವರ್ಷಕ್ಕೊಮ್ಮೆ, ಅದರಾಚೆ ಪ್ರತಿ ವರ್ಷ. ಐದನೇ ವರ್ಷಕ್ಕೆ ಮಾರುವುದಾದರೆ ಫಿಟ್ನೆಸ್ ಈಗಷ್ಟೇ ಮಾಡಿಸಿದ ಗಾಡಿಗೆ ರೇಟ್ ಸ್ವಲ್ಪ ಜಾಸ್ತಿ ಸಿಗುತ್ತೆ.

ಪ್ರಶ್ನೆ (ಭೋಸರಿ, ಪಿಕಪ್ ಮಾಲೀಕ): ಮೇಸ್ತ್ರಿ, ಕಂಪನಿ ಕ್ಲಚ್ ಪ್ಲೇಟ್ ಹಾಕಿಸಿದೆ, ಆರು ತಿಂಗಳಿಗೆ ಸುಟ್ಟುಹೋಯ್ತು. ನಾನಾ ಪೇಠದಲ್ಲಿ ಡಬ್ಬದ ಮೇಲೆ ಕಂಪನಿ ಹೆಸರು ನೋಡಿಯೇ ತಂದಿದ್ದೆ. ಕಂಪನಿ ಮಾಲೂ ಕೆಟ್ಟುಹೋಯ್ತಾ?

ಮೇಸ್ತ್ರಿ: ಬಿಲ್ ಕೊಟ್ಟರಾ? ಡಬ್ಬ ಮಾತ್ರ ಕಂಪನಿಯದು ಇರಬಹುದು. ಯಾವ ಹೆಸರು ಜಾಸ್ತಿ ಓಡುತ್ತೋ ಅದರದ್ದೇ ಡುಪ್ಲಿಕೇಟ್ ಜಾಸ್ತಿ. ಓಡದ ಕಂಪನಿಯ ಸಾಮಾನನ್ನ ಯಾರು ನಕಲು ಮಾಡ್ತಾರೆ? ಅಧಿಕೃತ ಅಂಗಡಿಯಲ್ಲಿ ಜಿಎಸ್‌ಟಿ ಬಿಲ್ ಜೊತೆ ತನ್ನಿ, ಪಾರ್ಟ್ ನಂಬರನ್ನ ಹಳೇದರ ಜೊತೆ ಹೋಲಿಸಿ. ಇನ್ನೊಂದು, ಡ್ರೈವರ್ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತಾನಾ ಅಂತ ಒಂದು ದಿನ ಪಕ್ಕದಲ್ಲಿ ಕೂತು ನೋಡಿ. ಸುಟ್ಟ ಪ್ಲೇಟ್ ಬಿಸಾಡಬೇಡಿ. ನಾಳೆ ಸಂಜೆ ಗ್ಯಾರೇಜಿಗೆ ತನ್ನಿ, ಅಂಗಡಿಯವನು, ಡ್ರೈವರ್, ಇಬ್ಬರಲ್ಲಿ ಯಾರ ಕೆಲಸ ಅಂತ ನೋಡೋಣ.